ಚಿಕ್ಕತಾಯಿ ರಾಗಿಯ ಅಜೇಯಪರ್ವ

ಎಲೈ ಸಹೃದಯ ಸಜ್ಜನರೇ, ಮುದ್ದೆ ಉಂಡು ಕೈತೊಳೆದು ಬಂದು ಕುಳಿತುಕೊಳ್ಳಿ. ಈ ಕಲಿಯುಗದಲ್ಲಿ, ಕಾವೇರೀಜಲಪರಿಪುಷ್ಟವಾದ ಮಂಡ್ಯ ಸೀಮೆಯ ಸಂಶೋಧನಾ ಕೇಂದ್ರವೊಂದರಲ್ಲಿ, ರಾಗಿತಳಿನಿರ್ಮಾಣಧುರಂಧರನಾದ ಡಾಕ್ಟರ್ ಬೋರಲಿಂಗೇಗೌಡನೆಂಬ ಮಹಾವೀರನಿದ್ದನು. ಬೆಂಕಿರೋಗ ತಾಗದ ರಾಗಿಯೊಂದನ್ನು ಸೃಷ್ಟಿಸಿ, ಅದಕ್ಕೆ ಹೆತ್ತ ತಾಯಿ ಚಿಕ್ಕತಾಯಮ್ಮನ ಹೆಸರಿಡುವೆನೆಂದು ಆತ ಊರಿಗೆ ಫೋನು ಮಾಡಿ ಹೇಳಿಯೂ ಬಿಟ್ಟಿದ್ದನು. ಅವಸರ ಅಂದರೆ ಅವಸರ, ಪುಣ್ಯಾತ್ಮನಿಗೆ.

ಹೊಸ ತಳಿಗಳ ಮೇಲೆ ಸಿಂಪಡಿಸಿ ಪರೀಕ್ಷಿಸಲೆಂದು ಆ ರೋಗದ ಶಿಲೀಂಧ್ರಗಳನ್ನು ಸೀಸೆಗಳಲ್ಲಿ ಸಾಕುತ್ತಿದ್ದವಳು ಆತನ ಧರ್ಮಪತ್ನಿ, ಸೂಕ್ಷ್ಮದರ್ಶಕವಿಹಾರಿಣಿ ಡಾಕ್ಟರ್ ಇಂದುಕಲಾದೇವಿ. ಒಂದು ಬೆಳಗ್ಗೆ ಉಪ್ಪಿಟ್ಟಿನ ಮುಂದೆ ವೀರನು, "ನಿನ್ನ ಬೂಜಿಗೆ ನನ್ನ ರಾಗಿ ಹೆದರುತ್ತಾ?" ಎಂದುಬಿಟ್ಟನು. ಬೂಜಂತೆ. "ಹಾಗಾದ್ರೆ ನೀವೇ ಸಿಂಪಡಿಸ್ಕೊಳ್ಳಿ," ಎಂದು ದೇವಿಯು ಮಾತು ಬಿಟ್ಟಳು.

ಮಾನಧನನಾದ ಗಂಡನು ಹೆಂಡತಿಯನ್ನು ಕೇಳುವನೇ? ಆಕೆಯಿಲ್ಲದ ವೇಳೆ ಪ್ರಯೋಗಾಲಯದ ಫ್ರಿಜ್ಜೆಂಬ ದುರ್ಗವನ್ನು ಭೇದಿಸಿ, ಎಲ್ಲಕ್ಕಿಂತ ಕರ್ರಗೆ ಘೋರವಾಗಿ ಕಂಡ ಸೀಸೆಯನ್ನು ಸೆರೆಹಿಡಿದು, ನೀರಿಗೆ ಕಲಸಿ, ರಾಗಿಸಸಿಗಳ ಚತುರಂಗಸೇನೆಯ ಮೇಲೆ ಸಿಂಪಡಿಸಿದನು. ವಾರ ಕಳೆದರೂ ಒಂದೆಲೆಗೂ ಚುಕ್ಕಿ ಬೀಳಲಿಲ್ಲ. ಆಗ ಆ ಸಸ್ಯಸಿಂಹನು ಗರ್ಜಿಸಿದನು: "ಎಲೈ ಇಂದುಕಲೆ, ಕಣ್ತೆರೆದು ನೋಡು. ಪ್ರಳಯಾಗ್ನಿಸದೃಶವಾದ ನಿನ್ನ ರೋಗವು ನನ್ನ ತಾಯಿಯ ಹೆಸರಿನ ಮುಂದೆ ಬೂದಿಯಾಯಿತು. ಮುಂದಿನ ತಿಂಗಳು ಹೊಸ ತಳಿಗಳಿಗೆ ಒಪ್ಪಿಗೆ ಕೊಡುವ ಸಮಿತಿಯಲ್ಲಿ ನನ್ನ ಜಯಭೇರಿ ಮೊಳಗುವುದು."

ದೇವಿ ಸೀಸೆಯನ್ನು ತಿರುಗಿಸಿ ನೋಡಿದಳು. "ಇದು ಭತ್ತದ ಎಲೆಯಿಂದ ತೆಗೆದದ್ದು, ರೀ. ರಾಗಿ ಇದಕ್ಕೆ ಸೇರಲ್ಲ. ಅನ್ನ ಉಣ್ಣೋನು ಮುದ್ದೆ ಮುಟ್ಟಲಿಲ್ಲ ಅಂದ್ರೆ ಮುದ್ದೆ ಗೆದ್ದ ಹಾಗಾ?"

ವೀರನ ಮುಖ ಹುಳ್ಳಗಾಯಿತು. "ಮತ್ತೆ ರಾಗಿದು ಯಾವುದು?"

"ಒಂದೇ ಅಂದ್ಕೊಂಡ್ರಾ? ಕೋಲಾರದಿಂದ ತಂದದ್ದು ಬೇರೆ, ಚಾಮರಾಜನಗರದ್ದು ಬೇರೆ. ಎರಡೂ ರಾಗಿಯನ್ನೇ ತಿನ್ನೋದು, ಹುಟ್ಟುಗುಣ ಮಾತ್ರ ಒಂದರ ಹಾಗೆ ಒಂದಿಲ್ಲ. ಒಂದನ್ನ ತಡೆದ ತಳಿ ಇನ್ನೊಂದಕ್ಕೆ ಬೀಳಬಹುದು."

ಎರಡನ್ನೂ ಆಕೆಯೇ ಬೇರೆ ಬೇರೆ ಕುಂಡಗಳಿಗೆ ಸಿಂಪಡಿಸಿದಳು. ಕೋಲಾರದ ದಾಳಿಯನ್ನು ರಾಗಿಸೇನೆಯು ಎದೆಯೊಡ್ಡಿ ತಡೆಯಿತು. ವೀರನ ಮೀಸೆ ಕುಣಿಯಿತು. ಚಾಮರಾಜನಗರದ್ದು ಆ ವಾರದೊಳಗೇ ಎಲೆಗಳನ್ನೆಲ್ಲ ಸುಟ್ಟು ಮಲಗಿಸಿತು. ಬೋರಲಿಂಗೇಗೌಡನಿಗೆ ನಿಜಕ್ಕೂ ಅಳು ಬಂತು. ಸಮಿತಿ ಹಾಳಾಗಲಿ, ಅಮ್ಮನಿಗೆ ಏನು ಹೇಳುವುದು?

ಕೊನೆಗೆ ಫೋನು ಮಾಡಿದನು. "ಅಮ್ಮ, ನಿನ್ನ ಹೆಸರಿನ ರಾಗಿ ಈ ವರ್ಷ ಬರಲ್ಲ. ನಿನ್ನ ಸೊಸೆ ಅದಕ್ಕೆ ರೋಗ ಬರಿಸಿ ತೋರಿಸಿಬಿಟ್ಟಳು."

"ಒಳ್ಳೇದೇ ಮಾಡವ್ಳೆ ಕಣಪ್ಪ," ಎಂದಳು ಚಿಕ್ಕತಾಯಮ್ಮ. "ಜನದ ಹೊಲಕ್ಕೆ ಹೋದ್ಮೇಲೆ ರೋಗ ಬಂದಿದ್ರೆ, ಊರೂರಲ್ಲೂ ನನ್ನ ಹೆಸರಿಡ್ಕಂಡು ಉಗೀತಿದ್ರು."

ಹೀಗೆ ಆ ಮಹಾಸಮರವು ಮುಗಿಯಿತು. ವೀರಾಧಿವೀರನು ಸಿಂಕಿನ ಮುಂದೆ ನಿಂತು, ಹೆಂಡತಿ ಹೇಳಿದ ಸೀಸೆಗಳನ್ನು ಹೆಂಡತಿ ಹೇಳಿದ ಹಾಗೆಯೇ ತೊಳೆದಿಟ್ಟನು.