ತೊಗರಿಗಿಂತ ಸಣ್ಣ, ಜೋಳಕ್ಕಿಂತ ದಪ್ಪ

ನಮ್ಮ ಸೋದರಮಾವನಿಗೆ ಮಣ್ಣೇ ಇಲ್ಲದ ಮಣ್ಣು ಬೇಕು. ಇದನ್ನು ಕೇಳಿ ನೀವು ನಗುತ್ತೀರಿ. ನಾನೂ ಮೊದಲು ನಕ್ಕವನೇ. ನಗು ನಿಂತು ಈಗ ಎರಡು ವರ್ಷವಾಯಿತು.

ಮಾವ ಶಹಾಬಾದಿನಲ್ಲಿ ಫರಸಿ ಕಲ್ಲು ಕೊಯ್ದು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಹರೆಯವನ್ನೆಲ್ಲ ಸವೆಸಿದವನು. ನಿಮ್ಮ ಮನೆಯ ನೆಲ ಶಹಾಬಾದಿ ಕಲ್ಲಿನದಾಗಿದ್ದರೆ, ಅದರಿಂದ ಎದ್ದ ಧೂಳಿನಲ್ಲಿ ಒಂದು ಪಾಲು ಅವನ ಎದೆಯಲ್ಲಿರಬಹುದು. ಡಾಕ್ಟರರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಇನ್ನ ಮುಂದ ಧೂಳಿನ ಸನೇಕ ಹೋಗಬ್ಯಾಡ್ರಿ. ಹೋದ್ರ ಆಮ್ಯಾಲ ನನ್ನ ಕೈಯಾಗ ಇಲ್ಲ" ಎಂದರು. ಮಾವನ ಮುಖ ಸಣ್ಣದಾದದ್ದು ಕಂಡು, "ನಾಕು ಕುಂಡದಾಗ ಗಿಡ ಹಚ್ಕೊಂಡು ಆರಾಮ ಕುಂದ್ರಿ" ಎಂದೂ ಸೇರಿಸಿದರು. ಆ ಪುಣ್ಯಾತ್ಮರು ಈ ಎರಡನೆಯ ಮಾತನ್ನು ನುಂಗಿಕೊಂಡಿದ್ದರೆ ನಮ್ಮ ಮನೆ ಉಳಿಯುತ್ತಿತ್ತು.

ಮೊದಲ ವರ್ಷ ಹೊಲದ ಕರಿ ಎರೆಮಣ್ಣನ್ನೇ ಕುಂಡಕ್ಕೆ ತುಂಬಿದ. ನಮ್ಮ ಎರೆಮಣ್ಣು ತೊಗರಿಗೆ ತಾಯಿ, ಕುಂಡಕ್ಕೆ ಮಾತ್ರ ಮಲತಾಯಿ. ನೆನೆದರೆ ಹಲ್ವಾ, ಒಣಗಿದರೆ ಇಟ್ಟಂಗಿ. ಮಳೆಗಾಲ ಮುಗಿಯುವುದರೊಳಗೆ ಮಲ್ಲಿಗೆ, ದಾಸವಾಳ ಎರಡೂ ಹೋದವು. ಮಾವ ಸತ್ತ ಮಲ್ಲಿಗೆಯನ್ನು ಕಿತ್ತು, ಕೊಳೆತ ಬೇರನ್ನು ಮೂಸಿ ನೋಡಿ, "ಉಸುರು ಕಟ್ಟಿ ಸತ್ತದ" ಎಂದ. ಆಮೇಲೆ ಆ ದಿನ ಊಟ ಮಾಡಲಿಲ್ಲ.

ಮರುದಿನದಿಂದ ಶುರುವಾಯಿತು ನೋಡಿ. "ಬೇರಿಗಿ ನೀರಿಗಿಂತ ಗಾಳಿ ಮುಖ್ಯ, ಅಳಿಯಾ. ಕುಂಡದಾಗ ಹರಳು ಹರಳು ಇರ್ಬೇಕು. ತೊಗರಿಗಿಂತ ಸಣ್ಣ, ಜ್ವಾಳಕ್ಕಿಂತ ದಪ್ಪ. ಧೂಳು ಕುಂತ್ರ ಸಂದಿ ಮುಚ್ಚತದ." ಹೀಗೆ ಹೇಳಿ ಮುಗಿಸುವಷ್ಟರಲ್ಲಿ ನಾಲ್ಕು ಸಲ ಕೆಮ್ಮುತ್ತಿದ್ದ. ಎರಡು ಜರಡಿ ಬೇಕಾದವು. ಒಂದು ತೊಗರಿಗಿಂತ ದಪ್ಪ ಇರುವುದನ್ನು ತಡೆಯಲು, ಇನ್ನೊಂದು ಧೂಳನ್ನು ಉದುರಿಸಲು. ಎರಡನೆಯದು ಅತ್ತೆಯ ಅಡುಗೆಮನೆಯಿಂದ ಹೋಯಿತು.

"ನಿಮ್ಮ ಮಾವ ನನ್ನ ಹಿಟ್ಟಿನ ಜರಡಿ ಒಯ್ದಾರಪ" ಎಂದು ಅತ್ತೆ ನನಗೆ ದೂರು ಕೊಟ್ಟಳು. "ರೊಟ್ಟ್ಯಾಗ ಕಲ್ಲು ಕಟಂ ಅಂದ್ರ, 'ತೊಗರಿಗಿಂತ ಸಣ್ಣದ ಅದ ಬಿಡು' ಅಂತಾರ. ಇವ್ರಿಗಿ ಏನ್ ಅನ್ಲಿ?"

ಹರಳಿಗೆ ಮಾವ ಎಲ್ಲಿಗೆ ಹೋದಾನು? ಕಾರ್ಖಾನೆಯ ಹಿಂದೆ ಗುಡ್ಡದಂತೆ ಬಿದ್ದಿದ್ದ ಫರಸಿ ಚೂರು ಹೊತ್ತು ತಂದ. ಕುಟ್ಟಿದ, ಜರಡಿಯಲ್ಲಿ ಜಾಡಿಸಿದ, ತುಂಬಿದ. ಎರಡು ತಿಂಗಳಿಗೆ ಹೊಸ ದಾಸವಾಳದ ಎಲೆಗಳೆಲ್ಲ ಹಳದಿ. ಇಲ್ಲಿ ನಾನು ಬಾಯಿ ಹಾಕಿದೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಟ್ಟಿದ ಮೊದಲಿಗ ನಾನು. ಯಾರೂ ಕೇಳದಿದ್ದರೂ ಇದನ್ನು ಹೇಳುತ್ತೇನೆ, ಯಾಕೆಂದರೆ ಸುಮ್ಮನೆ ಬಂದದ್ದಲ್ಲ. ಚಿತ್ತಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ.

"ಮಾವ, ಇದು ಸುಣ್ಣದ ಕಲ್ಲು. ದಾಸವಾಳಕ್ಕ ಸುಣ್ಣ ಆಗಂಗಿಲ್ಲ."

"ನಾ ಹುಟ್ಟಿದಾಗಿಂದ ಈ ಕಲ್ಲಿನ ಮ್ಯಾಲ ಮಲ್ಕೊಂಡೀನಿ. ನನಗ ಆಗ್ತದ, ಗಿಡಕ್ಕ ಆಗಂಗಿಲ್ಲ?"

ನಾನು ಚೂರನ್ನು ಪುಡಿ ಮಾಡಿ ಅದರ ಮೇಲೆ ನಿಂಬೆಹಣ್ಣು ಹಿಂಡಿದೆ. ಬುಸ್ಸೆಂದು ನೊರೆ ಎದ್ದಿತು. ಮಾವ ಬಹಳ ಹೊತ್ತು ಆ ನೊರೆಯನ್ನು ನೋಡಿದ. ನನ್ನ ಡಿಗ್ರಿ ಮಾಡಿದ ಅತಿ ದೊಡ್ಡ ತಪ್ಪು ಅದೇ. ಅಂದಿನಿಂದ ಅವನ ಜೇಬಿನಲ್ಲಿ ಸದಾ ಒಂದು ನಿಂಬೆಹಣ್ಣು. ದಂಡೋತಿಗೆ ಹೋದ, ಕಾಗಿಣಾ ನದಿಯ ಉಸುಕಿಗೆ ಹಿಂಡಿದ, ನೊರೆ. ವಾಡಿ ಸ್ಟೇಷನ್ನಿನಲ್ಲಿ ಹಳಿಗಳ ನಡುವಿನ ಕರಿಕಲ್ಲನ್ನು ಬಗ್ಗಿ ನೋಡುತ್ತ ನಿಂತ, ಪೊಲೀಸರು ಸೀಟಿ ಊದಿದರು.

ಸೇಡಂನ ಕಥೆ ಬೇರೆ. ನನ್ನ ತಂಗಿಗೆ ಗಂಡು ನೋಡಲು ಹೋಗಿದ್ದೆವು. ಅವರು ಹೊಸ ಮನೆ ಕಟ್ಟಿಸುತ್ತಿದ್ದರು, ಅಂಗಳದಲ್ಲಿ ಕರಿಕಲ್ಲಿನ ಖಡಿ, ಅಂದರೆ ಜಲ್ಲಿ, ರಾಶಿ ಬಿದ್ದಿತ್ತು. ನಾವು ಒಳಗೆ ಶರಬತ್ತು ಕುಡಿಯುವಾಗ ಮಾವ ಮಾಯ. ಹೊರಗಿನಿಂದ ಹುಡುಗನ ಅಪ್ಪನ ದನಿ ಕೇಳಿಸಿತು.

"ಯಾರ್ರೀ ನೀವು? ನಮ್ಮ ಹೊಸ ಮನಿ ಖಡಿ ಮ್ಯಾಲ ನಿಂಬಿಹಣ್ಣ ಯಾಕ ಹಿಂಡ್ಲಿಕತ್ತೀರಿ?"

"ನೊರಿ ಬರ್ತದೇನು ನೋಡ್ಲಿಕತ್ತೀನ್ರಿ. ಛಲೋ ಆತು, ಬರ್ಲಿಲ್ಲ."

"ಬಂದಿದ್ರ ಏನಾಗ್ತಿತ್ತು?"

"ಬಂದಿದ್ರ ಬೇರಸಹಿತ ಸಾಯ್ತಿತ್ರಿ" ಎಂದ ಮಾವ, ದಾಸವಾಳದ ಬಗ್ಗೆ.

ಮಾಟ ಮಾಡುವವರ ಮನೆಯಿಂದ ಹೆಣ್ಣು ತರುವವರು ಯಾರು? ಎರಡು ದಿನ ಬಿಟ್ಟು ಫೋನ್ ಬಂತು, ಹುಡುಗನಿಗೆ ಈ ವರ್ಷ ಯೋಗವಿಲ್ಲವಂತೆ. ತಂಗಿ ಒಂದು ತಿಂಗಳು ಮಾವನನ್ನು ಮಾತಾಡಿಸಲಿಲ್ಲ.

ಕೊನೆಗೆ ಚಿಂಚೋಳಿಯ ಕಡೆ, ಪರಿಚಯದವರ ಹೊಲದ ಬದುವಿನಲ್ಲಿ ಕೆಂಪು ಮುರುಮು, ಅಂದರೆ ಗರಸು ಮಣ್ಣು, ಸಿಕ್ಕಿತು. ಗಟ್ಟಿ ಹರಳು, ನೊರೆ ಇಲ್ಲ. ಮಾವ ಎರಡು ಚೀಲ ಬಸ್ಸಿಗೇರಿಸಿದ.

"ಚೀಲದಾಗ ಏನದ?" ಎಂದ ಕಂಡಕ್ಟರ್.

"ಮಣ್ಣು."

"ಕಾಕಾ, ನಿಮ್ಮೂರಾಗ ಮಣ್ಣ ಇಲ್ಲೇನು?"

"ಇದ್ದಿದ್ರ ನಿನ್ನ ಬಸ್ಸಿನಾಗ ಯಾಕ ಕೂಡ್ತಿದ್ದೆ?"

ಮುರುಮು ಬಂತು, ನಮ್ಮ ಗತಿ ಕೆಟ್ಟಿತು. ಹಸಿ ಮುರುಮು ಜರಡಿಯಿಂದ ಇಳಿಯುವುದಿಲ್ಲ, ಒಣಗಿಸಿಯೇ ಜಾಡಿಸಬೇಕು. ಒಣಗಿಸಿದರೆ ಕೆಂಪು ಮೋಡ ಏಳುತ್ತದೆ. ಮಾವ ಆ ಮೋಡದ ನಡುವೆ ಕೂತು ಕೆಮ್ಮುತ್ತ ಜಾಡಿಸುತ್ತಾನೆ. ಬೈದೆ. ಜರಡಿ ಬಚ್ಚಿಟ್ಟೆ, ಟೇಬಲ್ ಫ್ಯಾನಿನ ಜಾಲರಿ ಬಿಚ್ಚಿಕೊಂಡ. ಪೇಟೆಯಿಂದ ಕುಂಡಕ್ಕೆಂದೇ ಬರುವ ತಯಾರಿ ಮಣ್ಣಿನ ಪಾಕೀಟು ತಂದುಕೊಟ್ಟೆ, ಅದನ್ನೂ ಜಾಡಿಸಿದ. ಡಾಕ್ಟರರ ಚೀಟಿಯನ್ನು ಗೋಡೆಗೆ ಅಂಟಿಸಿದೆ, ಓದಲು ಬಾರದವನಿಗೆ ಚೀಟಿ ಏನು ಮಾಡೀತು? ಈ ದೀಪಾವಳಿಯ ಹೊತ್ತಿಗೆ ಮೂರು ಮೆಟ್ಟಿಲು ಹತ್ತಿದರೆ ನಡುವೆ ಒಮ್ಮೆ ನಿಲ್ಲುತ್ತಿದ್ದ. ಇವನನ್ನು ನಾನು ಉಳಿಸಿಕೊಳ್ಳಲಾರೆ ಎಂಬುದು ನನಗೆ ಖಾತ್ರಿಯಾಗಿತ್ತು.

ಹೋದ ರವಿವಾರ ಮುಂಜಾನೆ ಬೇರೆ ದಾರಿ ಕಾಣದೆ ಅಂಗಿ ಕಳಚಿ, ಅವನು ಏಳುವ ಮೊದಲೇ ಮುರುಮಿನ ಮುಂದೆ ನಾನೇ ಕೂತೆ. ಜರಡಿ ಎರಡು ಸಲ ಆಡಿಸಿರಲಿಲ್ಲ, ಮಾವ ಬಾಗಿಲಲ್ಲಿ ನಿಂತಿದ್ದ.

"ಏಳು ಮ್ಯಾಲ."

"ನೀ ದೂರ ಕುಂತು ಹೇಳು ಮಾವ. ನಾ ಜಾಡಸ್ತೀನಿ."

"ಏಳು ಅಂದ್ರ ಏಳು." ಆ ದನಿಯನ್ನು ನಾನು ಎಷ್ಟೋ ವರ್ಷದಿಂದ ಕೇಳಿರಲಿಲ್ಲ. ನಾನು ಏಳಲಿಲ್ಲ. ಅವನು ಗೋಡೆ ಹಿಡಿದು ಮೆಟ್ಟಿಲಿಳಿದು ಬಂದ, ದಮ್ಮು ಇಳಿಯಲಿ ಎಂದು ಕಾದ. "ಸಣ್ಣಾಂವ ಇದ್ದಾಗ ನನಗ ಬುತ್ತಿ ತರ್ತಿದ್ದಿ. ಕಾರ್ಖಾನಿ ಗೇಟಿನೊಳಗ ಒಂದ್ ದಿನರ ಬಿಟ್ಟೀನೇನು ನಿನಗ?"

ಬಿಟ್ಟಿರಲಿಲ್ಲ. ಬಿಸಿಲಲ್ಲಿ ಗೇಟಿನ ಹೊರಗೇ ಬುತ್ತಿ ಕಸಿದುಕೊಂಡು, "ಸಾಲಿಗಿ ಹೋಗು" ಎಂದು ಗದರಿಸಿ ಅಟ್ಟುತ್ತಿದ್ದ. ನನ್ನಂಥ ಬಡ ಹುಡುಗ ತನ್ನ ಅಳಿಯನೆಂದು ನಾಚಿಕೊಳ್ಳುತ್ತಾನೆ ಎಂದು ಎಷ್ಟೋ ವರ್ಷ ತಿಳಿದುಕೊಂಡಿದ್ದೆ. ಗೇಟಿನೊಳಗೆ ಇದ್ದದ್ದು ಧೂಳು.

ಜರಡಿ ಕಸಿದುಕೊಳ್ಳಲು ಕೈಚಾಚಿದ, ನಾನು ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ಅವನೇ ಬಿಟ್ಟ. ಹೆಗಲ ಮೇಲಿನ ಟವೆಲನ್ನು ಬಕೀಟಿನಲ್ಲಿ ಅದ್ದಿ, ಹಿಂಡಿ, ನನ್ನ ಮೂಗು ಬಾಯಿ ಮುಚ್ಚಿ ಹಿಂದೆ ಎರಡು ಗಂಟು ಹಾಕಿದ. ಅವನು ಇಷ್ಟು ವರ್ಷ ತನಗೆ ಕಟ್ಟಿಕೊಳ್ಳದೆ ಇದ್ದದ್ದು ಇದೇ.

ಭುಜ ಹಿಡಿದು, ಗಾಳಿ ಬೆನ್ನಿಗೆ ಬರುವಂತೆ ನನ್ನನ್ನು ತಿರುಗಿಸಿ ಕೂಡಿಸಿದ. ಆಮೇಲೆ ಹೋಗಿ ಕೂತದ್ದು ನನ್ನ ಎದುರಿಗೆ, ಧೂಳು ಹಾರುವ ಕಡೆಗೇ. ನಾನು ಎದ್ದು ಅವನ ಸ್ಟೂಲನ್ನು ತಂದು ನನ್ನ ಬೆನ್ನ ಹಿಂದೆ ಹಾಕಿದೆ. ಮೊದಲ ಸಲ, ಹಟ ಮಾಡದೆ ಅಲ್ಲಿ ಕೂತ.

ಜಾಡಿಸತೊಡಗಿದೆ. ಬೆನ್ನ ಮೇಲೆ ಅವನ ಅಂಗೈ ಬಂತು. ಜರಡಿ ಆಡಿಸುವಾಗ ನನ್ನ ಕೈ ಎಲ್ಲಿ ತಪ್ಪುತ್ತದೆ ಎಂದು ಹಿಡಿಯಲು ಕಾಯುತ್ತಿದ್ದಾನೆ ಎಂದುಕೊಂಡೆ. ತಿರುಗಿ ನೋಡಿದರೆ ಅವನು ಜರಡಿ ನೋಡುತ್ತಲೇ ಇರಲಿಲ್ಲ. ನನ್ನ ಉಸಿರು ಸಲೀಸಾಗಿ ಆಡುತ್ತಿದೆಯೇ ಎಂದು ನೋಡುತ್ತಿದ್ದ.