ಅತ್ತೆಯ ಡಬ್ಬಿ, ಅಳಿಯನ ಗಿಟಾರು

ತೀರಿಕೊಂಡ ಸುನೀತಾಳ ದಿನಕರ್ಮ ಮುಗಿದು ನೆಂಟರೆಲ್ಲ ಇಂಡಿ ಊರಿಂದ ಬಸ್ಸು ಹಿಡಿದು ಹೋದರು. ಅವಳ ತಾಯಿ ತಿಪ್ಪವ್ವ ಮಾತ್ರ ಹೋಗಲಿಲ್ಲ. ಅಳಿಯನಿಗೆ ರೊಟ್ಟಿ ಯಾರು ಬಡಿದು ಹಾಕಬೇಕು ಎಂದು ಸೆರಗು ಸಿಕ್ಕಿಸಿ ಒಲೆಯ ಮುಂದೆ ಕೂತಳು. ಇದು ಉಪಕಾರವೋ ಶಿಕ್ಷೆಯೋ ಅಳಿಯ ದುಂಡೇಶನಿಗೆ ಗೊತ್ತಾದದ್ದು ಮರುದಿನ ಮುಂಜಾನೆ.

ರೊಟ್ಟಿಯ ಜೊತೆಗೇ ಶೋಕಗಾಯನ ಶುರುವಾಯಿತು. ಸತ್ತ ಮಗಳನ್ನು ಹೆಸರು ಹಿಡಿದು ಕರೆದು, ರೊಟ್ಟಿ ಬಡಿಯುವ ತಾಳಕ್ಕೆ ಹಾಡಿಕೊಂಡು ಅಳುವ ಅಳು. ಪಲ್ಲವಿಯಲ್ಲಿ ಮಗಳು, ಚರಣದಲ್ಲೆಲ್ಲ ಅಳಿಯ. ಕೆಮ್ಮನ್ನು ಬರೀ ಕೆಮ್ಮೆಂದು ತಿಳಿದವನು ಅವನು, ದವಾಖಾನೆಗೆ ಇವತ್ತು ನಾಳೆ ಎಂದವನು ಅವನು, ಮಂದಿಯ ಮದುವೆಯಲ್ಲಿ ಗಿಟಾರು ಕೆರೆಯುತ್ತ ಕೂತವನೂ ಅವನೇ. (ಮಾತಿನಲ್ಲಿ ಆಕೆ ಅಳಿಯನಿಗೆ ಬಹುವಚನ ತಪ್ಪಿಸಿದವಳಲ್ಲ, ಏಕವಚನ ಹಾಡಿಗೆ ಮಾತ್ರ ಮೀಸಲು.) ಹಾಡು ಮುಗಿಸಿ, ಮೂಗು ಒರೆಸಿಕೊಂಡು, "ಅಳಿಯಂದ್ರ, ಬಿಸಿ ಅದಾವು, ಉಣ್ಣಾಕ ಬರ್ರಿ" ಎನ್ನುವಳು.

ಆರೋಪಗಳಲ್ಲಿ ಒಂದೂ ಸುಳ್ಳಲ್ಲವಾದ್ದರಿಂದ ಅವನು ಅರ್ಧ ರೊಟ್ಟಿಗೇ ಏಳುತ್ತಿದ್ದ. ಅಳೋಣವೆಂದರೆ ಕಣ್ಣು ಬತ್ತಿತ್ತು. ಒಂದು ಮುಂಜಾನೆ ತಡೆಯಲಾರದೆ ದುಂಡೇಶ ಆರ್ಕೆಸ್ಟ್ರಾದ ಗಿಟಾರನ್ನು ಒಡಕು ಸ್ಪೀಕರಿಗೆ ಸಿಕ್ಕಿಸಿ, ಅತ್ತೆಯ ದನಿ ಮುಳುಗಲೆಂದು ತಂತಿ ಹರಿಯುವ ಹಾಗೆ ಬಾರಿಸಿದ. ಆಕೆ ಮುಳುಗುವ ಪೈಕಿಯಲ್ಲ. ರೊಟ್ಟಿ ಬಿಟ್ಟು ಖಾಲಿ ಎಣ್ಣೆ ಡಬ್ಬಿ ಎಳೆದುಕೊಂಡು ಬಡಿಯುತ್ತ ದನಿಯನ್ನು ಇನ್ನೂ ಮೇಲೇರಿಸಿದಳು. ನಿಲ್ಲಿಸುವ ಹೊತ್ತಿಗೆ ಇಬ್ಬರೂ ಬೆವತಿದ್ದರು. ಅವತ್ತು ಇಬ್ಬರೂ ಹೊಟ್ಟೆ ತುಂಬ ಉಂಡರು.

ಮದುವೆ ವಿಡಿಯೊ ಮಾಡುವ ನೆರೆಮನೆಯ ನಿಯಾಜ ಇದನ್ನು ಗೋಡೆಯಾಚೆ ಕೇಳಿ ಓಡಿಬಂದ. ಹೊರದೇಶದಲ್ಲಿ ಹೀಗೆಯೇ ಇಬ್ಬರೇ ಕೂಡಿ ಎದೆ ಹರಿದುಕೊಂಡು ಹಾಡುತ್ತಾರೆ, ಅದಕ್ಕೆ ಪಂಕ್ ಬ್ಲೂಸ್ ಅನ್ನುತ್ತಾರೆ, ಆಲ್ಬಮ್ ಮಾಡೋಣ ಎಂದ. ತಿಪ್ಪವ್ವನಿಗೆ ಕೇಳಿಸಿದ್ದು ಪಂಖಾ ಮತ್ತು ಬ್ಲೌಸು.

"ಪಂಖಾ ಬೇಕಾದ್ರ ಬಂದ್ ಮಾಡು. ಬ್ಲೌಸಿನ ಸುದ್ದಿ ನಿನಗ್ಯಾಕ?" ಎಂದಳು.

ತಲೆಯ ಮೇಲೆ ತಿರುಗುವ ಪಂಖಾ ಬಂದ್ ಮಾಡಿಯೇ ರೆಕಾರ್ಡಿಂಗ್ ನಡೆಯಿತು. ಕೊನೆಯ ಹಾಡಿನ ನಡುವೆ ಆಕೆಯ ದನಿ ಒಡೆದು ನಿಂತುಬಿಟ್ಟಿತು. ಆಗ, ಹುಟ್ಟಿದಾಗಿನಿಂದ ಒಂದು ಸಾಲು ಹಾಡದ ದುಂಡೇಶ, ಹೊರಗಿನಿಂದ ದಣಿದು ಬಂದವನ ಹಾಗೆ, "ಸುನೀತಾ, ನೀರ ಕೊಡು" ಎಂದು ಮೈಕಿನಲ್ಲಿ ಒದರಿದ. ಮತ್ತೆ ಮತ್ತೆ ಅದನ್ನೇ ಒದರಿದ. ಅತ್ತೆ ಅವನ ಮುಖ ನೋಡಿ ಮೆಲ್ಲಗೆ ಡಬ್ಬಿ ಬಾರಿಸತೊಡಗಿದಳು.

ಆಲ್ಬಮ್ ಸಿಂದಗಿ, ಮುದ್ದೇಬಿಹಾಳದ ಟೆಂಪೋಗಳಲ್ಲೆಲ್ಲ ಮೊಳಗಿತು. ದುಂಡೇಶ ಬಸ್ಸು ಹತ್ತಿದರೆ, ಹಾಡಿನ ಆ ಗಂಡ ಇವನೇ ಎಂದು ಹೆಂಗಸರು ಅವನ ಪಕ್ಕದ ಸೀಟು ಬಿಟ್ಟು ಏಳುತ್ತಿದ್ದರು. ಇಷ್ಟರಲ್ಲಿ ತಿಪ್ಪವ್ವನಿಗೆ ಕರುಣೆ ಉಕ್ಕಿತು. ಮಗಳಂತೂ ಹೋದಳು, ಅಳಿಯನಾದರೂ ಬಾಳಲಿ ಎಂದು, ಒಲ್ಲೆನೆಂದವನನ್ನು ಎಳೆದುಕೊಂಡು ಗೊಳಸಂಗಿಗೆ ಕನ್ಯಾನ್ವೇಷಣೆಗೆ ಹೊರಟಳು.

ಅಲ್ಲಿ ಹುಡುಗಿಯ ತಂದೆ ಶಂಕ್ರೆಪ್ಪ ಅವಲಕ್ಕಿ, ಚಹಾ ಕೊಟ್ಟ. ಮಾತು ಹಳಿಗೆ ಬೀಳುವಷ್ಟರಲ್ಲಿ ಅವನ ಮೊಬೈಲು ರಿಂಗಾಯಿತು. "ಕಲ್ಲಿನಂಥವಗ ಕೊಟ್ಟೆನವ್ವಾ ನಿನ್ನ" ಎಂದು ತಿಪ್ಪವ್ವನೇ ರಿಂಗ್‌ಟೋನಿನೊಳಗಿಂದ ಅತ್ತಳು. ಎಲ್ಲರೂ ಕಲ್ಲಿನತ್ತ ನೋಡಿದರು. ತಿಪ್ಪವ್ವ ಸೆರಗು ಸರಿಪಡಿಸಿಕೊಂಡು, ಅಳಿಯ ಬಂಗಾರದಂಥವನು ಎಂದಳು.

"ಹಾಡು ಖರೇನೋ, ಮಾತು ಖರೇನೋ?" ಎಂದು ಕೇಳಿದ ಶಂಕ್ರೆಪ್ಪ.

ಸುಳ್ಳು ಆಕೆಗೆ ಬರುತ್ತಿರಲಿಲ್ಲ. "ಎರಡೂ ಖರೇನ ರಿ."

ಶಂಕ್ರೆಪ್ಪ ಕೈಮುಗಿದು, ಹೆಣ್ಣು ಕೊಡಲಾಗದು ಎಂದ. ದುಂಡೇಶ ಚಪ್ಪಲಿ ಹುಡುಕುತ್ತಿದ್ದಾಗ, ಮೂಲೆಯ ಹಾಸಿಗೆಯಿಂದ ಶಂಕ್ರೆಪ್ಪನ ಮುದಿ ತಂದೆ ಮೊಣಕೈ ಊರಿ ಎದ್ದ. ಎಲೆ ಅಡಿಕೆಯ ತಾಟನ್ನು ತರಿಸಿದ. ಮದುವೆ ಕೂಡಿದರೆ ಕೊಡಲೆಂದು ಇಟ್ಟಿದ್ದ ತಾಟು ಅದು.

"ನಾ ಸತ್ತಾಗ ನನ್ನ ಮಣ್ಣಿಗೆ ಇವರಿಬ್ರೂ ಬಂದು ಬಾರಸಬೇಕು" ಎಂದ ಮುದುಕ. "ನನ್ನ ಮಕ್ಕಳಿಗೆ ಹಿಂಗ ಅಳಾಕ ಬರೂದಿಲ್ಲ."

ತಿಪ್ಪವ್ವ ಅಳಿಯನನ್ನು ಕೇಳಲೂ ಇಲ್ಲ, ಒಪ್ಪಿಕೊಂಡಳು. ಮದುಮಗನಾಗಲು ಬಂದ ದುಂಡೇಶ ಎರಡೂ ಕೈಯೊಡ್ಡಿ ವೀಳ್ಯ ಹಿಡಿದ.

"ತಾರೀಖು ನನ್ನ ಕೈಯಾಗಿಲ್ಲ" ಎಂದು ಮುದುಕ ಮತ್ತೆ ಮಲಗಿದ. "ಮೊಬೈಲ್ ಚಾಲೂ ಇಟ್ಟಿರ್ರಿ."