ಮೌಶಿ ಹಂಚಿದ ವಾಣ

ಪುಣೆಯಲ್ಲಿ ಕೂತು ಕನ್ನಡ ಪುಸ್ತಕ ಪ್ರಕಟಿಸುವುದು ಹುಚ್ಚು ಎಂದರೆ ನಮ್ಮ ಮೌಶಿ ಒಪ್ಪುತ್ತಿರಲಿಲ್ಲ. "ಹುಚ್ಚಿಗೆ ಔಷಧ ಅದ. ಇದಕ್ಕ ಎಲ್ಲದ?" ಎನ್ನುತ್ತಿದ್ದಳು. ಇಂಥ ವಾದಕ್ಕೆ ಎದುರುವಾದ ಹೂಡುವವರು ಯಾರು?

ಮೌಶಿ ಎಂದರೆ ನನ್ನ ಅವ್ವನ ತಂಗಿ. ಧಾರವಾಡದವಳು, ಮದುವೆಯಾಗಿ ಸದಾಶಿವ ಪೇಠಿನಲ್ಲಿ ಹತ್ತಾರು ಸಂಸಾರಗಳಿದ್ದ ಹಳೆಯ ವಾಡೆಯೊಂದರ ಎರಡು ಕೋಣೆಗಳಿಗೆ ಬಂದು ನೆಲೆಸಿದವಳು. ತೊಂಬತ್ತರ ದಶಕದ ನಡುವೆ ನಾನು ಕಾಲೇಜು ಓದಲೆಂದು ಟ್ರಂಕು ಹೊತ್ತು ಅಲ್ಲಿಗೆ ಹೋದಾಗ ಎರಡರಲ್ಲಿ ಒಂದು ಖೋಲಿ ಆಗಲೇ ಪುಸ್ತಕಗಳ ವಶವಾಗಿತ್ತು. ದೊಡ್ಡ ಪ್ರಕಾಶಕರು ವಂದನೆಗಳೊಂದಿಗೆ ವಾಪಸು ಕಳಿಸಿದ ಹಸ್ತಪ್ರತಿ ಎಂದರೆ ಮೌಶಿಗೆ ಪಂಚಪ್ರಾಣ. ಹೆಸರಿಲ್ಲದವರ ಕಾದಂಬರಿ, ಹೆಸರೇ ಬೇಡವೆಂದವರ ಕವಿತೆ, ಮಕ್ಕಳ ಚಿತ್ರಪುಸ್ತಕ, ಯಾವುದನ್ನೂ ಬಿಟ್ಟವಳಲ್ಲ. ಅಚ್ಚಾಗಿ ಬಂದ ಕಟ್ಟುಗಳು ಮಂಚದ ಕೆಳಗೆ, ಗೋದಿ ಡಬ್ಬಿಯ ಹಿಂದೆ, ಕೊನೆಗೆ ಕುರ್ಚಿಗಳನ್ನು ಹೊರಹಾಕಿ ಅವುಗಳ ಜಾಗದಲ್ಲೂ ಕೂತವು. ಬಂದ ಅತಿಥಿಗಳಿಗೆ ಮೌಶಿ ಹೇಳುತ್ತಿದ್ದಳು: "ಕಾದಂಬರಿ ಮ್ಯಾಲೆ ಕೂಡ್ರಿ, ಗಟ್ಟಿ ಅದ. ಕವಿತಾದ ಮ್ಯಾಲೆ ಬ್ಯಾಡ್ರಿ, ಜಾರ್ತದ."

ಅವಳದೇ ಒಂದು ಶಾಸ್ತ್ರವಿತ್ತು. ಅಚ್ಚಾದ ಮಾತ್ರಕ್ಕೆ ಪುಸ್ತಕ ಹುಟ್ಟಿದ ಹಾಗಲ್ಲ. ಸಂಬಂಧವಿಲ್ಲದವರೊಬ್ಬರು ತಾವಾಗಿಯೇ ಹೊಸ್ತಿಲಿಗೆ ಬಂದು, ಆ ಪುಸ್ತಕ ನನಗೆ ಬೇಕು ಎಂದು ಕೇಳಿದ ದಿನವೇ ಅದರ ಜನ್ಮದಿನ. ಅಲ್ಲಿಯವರೆಗೆ ಹೊಟ್ಟೆಯೊಳಗಿನ ಕೂಸು. ಬಂಧುಗಳು ಕೊಂಡದ್ದು ಲೆಕ್ಕಕ್ಕಿಲ್ಲ. ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಕೊಂಡವರು "ಉಪ್ಪಿಟ್ಟಿನ ಋಣಕ್ಕ ತಗೊಂಡಾರ", ಅವರೂ ಇಲ್ಲ. ಧಾರವಾಡದ ಅಂಗಡಿಯಲ್ಲಿ ಒಂದು ಕಾದಂಬರಿ ಖರ್ಚಾಯಿತು ಎಂದು ಸುದ್ದಿ ಬಂದಾಗ ಮೌಶಿ ಹಿಗ್ಗಿದಳು. ಆಮೇಲೆ ಪತ್ತೆ ಹಚ್ಚಿಸಿದರೆ ಕೊಂಡಾಕೆ ಅವಳ ಬಾಲ್ಯದ ಗೆಳತಿ! ಹಿಗ್ಗಿದ್ದನ್ನೆಲ್ಲ ವಾಪಸು ತೆಗೆದುಕೊಂಡಳು.

"ಬಾಣಂತನದ ಖರ್ಚು ಮೊದಲ ಮಾಡಿ ಕೂತೇವಿ," ಎಂದು ಅವಳ ಗಂಡ, ಅಂದರೆ ನಮ್ಮ ಕಾಕಾ, ನನ್ನೆದುರು ಗೊಣಗುತ್ತಿದ್ದರು. "ಕೂಸು ಮಾತ್ರ ಹೊರಗ ಬರವಲ್ದು."

ಒಂದು ರವಿವಾರ ಬಾಗಿಲಲ್ಲಿ ಅಪರಿಚಿತನೊಬ್ಬ ನಿಂತು, ಇಲ್ಲಿ ಪುಸ್ತಕಗಳಿವೆಯಂತೆ, ಕೊಡುತ್ತೀರಾ ಎಂದು ಮರಾಠಿಯಲ್ಲಿ ಕೇಳಿದ. ಮೌಶಿಯ ಮುಖ ನೋಡಬೇಕಿತ್ತು. ಅವನನ್ನು ಕಾದಂಬರಿಯ ಮೇಲೆ ಕೂರಿಸಿ, ಚಹಾ ಕೊಟ್ಟು, ಕತೆ ಬೇಕೋ ಕವಿತೆ ಬೇಕೋ ಎಂದು ವಿಚಾರಿಸಿದಳು. ಆತ ಚಹಾ ಮುಗಿಸಿ, ಯಾವುದಾದರೂ ನಡೆಯುತ್ತದೆ ತಾಯಿ, ತಕ್ಕಡಿ ಕೆಳಗಿದೆ, ತರಲೇ ಎಂದ. ರದ್ದಿ ಕಾಗದ ಕೊಳ್ಳುವವನು! ಕಾಕಾ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು, ಪೇಪರು ಮಾತ್ರ ಗಡಗಡ ನಡುಗುತ್ತಿತ್ತು.

ಚಿತ್ರಪುಸ್ತಕದ ಕತೆ ಇನ್ನೊಂದು ತರಹ. ಅದರಲ್ಲಿ ಎಡಪುಟದ ಬಾವಲಿಯೂ ಬಲಪುಟದ ಅಳಿಲೂ ಮಾತಾಡಿಕೊಳ್ಳುತ್ತವೆ. ಬಣ್ಣ ಚೆನ್ನಾಗಿ ಬರಲಿ ಎಂದು ಪೇಠಿನಲ್ಲೇ ಒಂದು ಪ್ರೆಸ್ಸಿಗೆ ಕೊಟ್ಟಿದ್ದಳು. ಪ್ರೆಸ್ಸಿನವನಿಗೆ ಕನ್ನಡ ಬಾರದು. ಪಾಪ, ಪುಟಪುಟಕ್ಕೂ ಒಂದು ಪ್ರಾಣಿ ತಲೆಕೆಳಗಾಗಿರುವುದನ್ನು ಕಂಡು, ಬಾಯಿಯವರು ಅವಸರದಲ್ಲಿ ತಪ್ಪು ಮಾಡಿದ್ದಾರೆ ಎಂದುಕೊಂಡು, ಎಡಪುಟಗಳನ್ನೇ ತಿರುಗಿಸಿ, ಬಾವಲಿಗಳನ್ನೆಲ್ಲ ನೆಟ್ಟಗೆ ನಿಲ್ಲಿಸಿ ಅಚ್ಚು ಹಾಕಿದ. ಬಾವಲಿ ನೆಟ್ಟಗಾಯಿತು, ಅದರ ಕೆಳಗಿನ ಕನ್ನಡ ತಲೆಕೆಳಗಾಯಿತು. ಈ ಉಪಕಾರಕ್ಕೆ ಅವನು ಬೇರೆ ದುಡ್ಡೇನೂ ಕೇಳಲಿಲ್ಲ.

ನಾನು ಅತ್ತೇಬಿಟ್ಟೆ. ಮೌಶಿ ಪುಸ್ತಕವನ್ನು ನೆಲದ ಮೇಲೆ ಬಿಚ್ಚಿಟ್ಟು ಸ್ವಲ್ಪ ಹೊತ್ತು ಸುತ್ತು ಹಾಕಿದಳು. ಆಮೇಲೆ, "ಬಾ, ನನ್ನ ಎದುರು ಕೂಡು," ಎಂದಳು. ಎದುರುಬದುರು ಕೂತರೆ ಅವಳ ಕಡೆಯಿಂದ ಬಾವಲಿಯ ಪುಟ ಸರಿ, ನನ್ನ ಕಡೆಯಿಂದ ಅಳಿಲಿನ ಪುಟ ಸರಿ. "ನೋಡು, ಒಬ್ಬರ ಓದೂ ಪುಸ್ತಕ ಎಲ್ಲಾರೂ ಮಾಡ್ತಾರ. ಇದಕ್ಕ ಇಬ್ಬರು ಬೇಕು."

ಊರಾಚೆಯ ಖರಾಡಿಯಲ್ಲಿ ಆಗಷ್ಟೇ ಕಟ್ಟಡಗಳು ಏಳತೊಡಗಿದ್ದವು. ಯಾದಗಿರಿ, ರಾಯಚೂರ ಕಡೆಯಿಂದ ಕೆಲಸಕ್ಕೆ ಬಂದವರ ಮಕ್ಕಳು ಅಲ್ಲಿದ್ದರು. ಒಂದು ಚೀಲ ಪುಸ್ತಕ ಹೊತ್ತು ನಾವಿಬ್ಬರೂ ಹೋದೆವು. ಮಕ್ಕಳು ಉಸುಕಿನ ಮೇಲೆ ಜೋಡಿ ಜೋಡಿಯಾಗಿ ಎದುರುಬದುರು ಕೂತು, "ನಾ ಬಾವಲಿ ಆಗ್ತೀನಿ, ನೀ ಅಳಿಲಾಗು," ಎಂದು ಕಚ್ಚಾಡಿದವು. ಕಾವಲುಗಾರ ಬಂದು, ಯಾವ ಪಾರ್ಟಿಯವರು, ಚುನಾವಣೆ ಇನ್ನೂ ದೂರ ಇದೆಯಲ್ಲ ಎಂದು ಕೇಳಿದ. ಬಸ್ಸಿನಲ್ಲಿ ಬರುವಾಗ ನಾನು, ಈ ಪುಸ್ತಕ ಹುಟ್ಟಿತಲ್ಲ ಮೌಶಿ ಎಂದೆ. "ಇಲ್ಲ," ಎಂದಳು. "ನಾವ ಹೋಗಿ ಕೊಟ್ಟೇವಿ. ಅವರು ಕೇಳ್ಕೊಂಡು ಬಂದಿಲ್ಲ." ಕಿಟಕಿಯ ಕಡೆ ಮುಖ ಮಾಡಿ ಕೂತಳು. ಅವಳಿಗೆ ಇದು ತಮಾಷೆಯಲ್ಲ ಎಂದು ನನಗೆ ಅವತ್ತು ಮೊದಲ ಸಲ ಅನಿಸಿತು.

ಆ ವರ್ಷವೇ ಕವನ ಸಂಕಲನ ಬಂತು. ಬರೆದವಳು ಪುಣೆಯ ಹತ್ತಿರದ ಸಾಸವಡದ ಒಂದು ಕಚೇರಿಯಲ್ಲಿ ಕೆಲಸಕ್ಕಿದ್ದ ನಮ್ಮ ಕಡೆಯ ಹೆಣ್ಣುಮಗಳು. ಗಂಡ ದೂರದೂರಿನ ಫ್ಯಾಕ್ಟರಿಯಲ್ಲಿ, ವರ್ಷಕ್ಕೊಮ್ಮೆ ಮುಖ ತೋರಿಸುವವನು. ಇಡೀ ಪುಸ್ತಕ ಅವನೊಡನೆ ಜಗಳ. ಮುಖಪುಟಕ್ಕೆ ಒಂದು ಹೊಸ್ತಿಲು, ಹೊಸ್ತಿಲ ಮೇಲೊಂದು ಹಣತೆ.

ಸಂಕ್ರಾಂತಿಯ ಅರಿಶಿಣ-ಕುಂಕುಮಕ್ಕೆ ಪುಣೆಯಲ್ಲಿ ಬಂದ ಹೆಂಗಸರಿಗೆಲ್ಲ ವಾಣ ಕೊಡಬೇಕು, ಎಂದರೆ ಏನಾದರೊಂದು ಸಣ್ಣ ಉಡುಗೊರೆ. ಒಬ್ಬರು ಸ್ಟೀಲ್ ಬಟ್ಟಲು ಕೊಟ್ಟರೆ ಇನ್ನೊಬ್ಬರು ಚಹಾ ಸೋಸುವ ಜರಡಿ. ಮೌಶಿ ಏನು ಕೊಟ್ಟಳು ಎಂದು ಊಹಿಸಬಲ್ಲಿರಿ.

"ಅವರಿಗೆ ಕನ್ನಡ ಬರೂದಿಲ್ಲಲಾ," ಎಂದರು ಕಾಕಾ.

"ಜರಡಿ ಕೊಟ್ಟರ ಯಾರರೆ ಓದ್ತಾರೇನ್ರಿ? ಪುಸ್ತಕ ಮನ್ಯಾಗ ಇದ್ದರ ಒಬ್ಬಾಕಿಯರೆ ಅರ್ಥ ಕೇಳ್ಕೋತ ಬರ್ತಾಳ."

ನಾನೂ ಮೌಶಿಯೂ ವಾಡೆಯ ಮುತ್ತೈದೆಯರನ್ನೆಲ್ಲ ಕರೆದು ಬಂದೆವು. ಮೂಲೆಯ ಖೋಲಿಯಲ್ಲಿದ್ದ ಅಜ್ಜಿ ವಾಡೆಗೆಲ್ಲ ಆಜಿ; ಅವರಿಗೆ ಗಂಡನಿಲ್ಲ, ಹಾಗಾಗಿ ಅವರ ಬಾಗಿಲು ದಾಟಿ ಮುಂದಿನ ಮನೆಗೆ ಹೋದೆವು. ಅದು ಪದ್ಧತಿ, ಯಾರೂ ಎರಡನೆಯ ಸಲ ಯೋಚಿಸುವುದಿಲ್ಲ. ಸಂಜೆ ಬಂದವರೆಲ್ಲ ಕುಂಕುಮ ಹಚ್ಚಿಸಿಕೊಂಡು, ಎಳ್ಳುಂಡೆ ಬಾಯಿಗೆ ಹಾಕಿಕೊಂಡು, ಪುಸ್ತಕವನ್ನು ತಿರುಗಿಸಿ ಮುರುಗಿಸಿ ನೋಡಿ ಸುಮ್ಮನೆ ಒಯ್ದರು.

ತಿಂಗಳುಗಟ್ಟಲೆ ಯಾರೂ ಅರ್ಥ ಕೇಳಲು ಬರಲಿಲ್ಲ. ಯಾಕೆ ಎನ್ನುವುದು ಗೊತ್ತಾದದ್ದು ಕೆಳಗಿನ ಮನೆಯ ಸತ್ಯನಾರಾಯಣ ಪೂಜೆಯಲ್ಲಿ. ಅವರ ದೇವರ ಮನೆಯಲ್ಲಿ, ಬಾಲಕೃಷ್ಣನ ಪಕ್ಕದಲ್ಲಿ, ನಮ್ಮ ಕವನ ಸಂಕಲನ! ಮೇಲೆ ಅರಿಶಿಣ, ಕುಂಕುಮ, ಒಂದು ಕೆಂಪು ದಾಸವಾಳ. ಕುಂಕುಮದ ಜೊತೆ ಕೊಟ್ಟ ಪುಸ್ತಕ, ಮುಖಪುಟದಲ್ಲಿ ದೀಪ, ಒಳಗೆ ಕನ್ನಡ ಅಕ್ಷರ. ಪಂಢರಪುರದ ವಿಠ್ಠಲನೇ ಕನ್ನಡ ನಾಡಿನಿಂದ ಬಂದವನು ಎಂದು ನಂಬಿದ ಊರಲ್ಲಿ ಅದು ಸ್ತೋತ್ರವಲ್ಲದೆ ಇನ್ನೇನಾದೀತು? ವಿಚಾರಿಸಿದರೆ ವಾಡೆಯಲ್ಲಿ ಮನೆಮನೆಗೂ ಪೂಜೆ. ಒಬ್ಬಾಕೆ ಹತ್ತನೆಯ ಇಯತ್ತೆಯ ಮಗನ ದಿಂಬಿನ ಕೆಳಗಿಟ್ಟಿದ್ದಳಂತೆ. ಅವನು ಫಸ್ಟ್ ಕ್ಲಾಸಿನಲ್ಲಿ ಪಾಸಾದದ್ದೇ, ಆಕೆ ಪೇಢೆ ತಂದು ಮೌಶಿಯ ಕಾಲಿಗೂ ಬಿದ್ದಳು. ಆ ಸ್ತೋತ್ರದ ಮೊದಲ ಪುಟ ಗಂಡನ ಗೊರಕೆಯ ಮೇಲಿತ್ತು.

"ನಿಜಾ ಹೇಳಿ ಬಿಡ್ಲೇನು?" ಮೌಶಿ ಕಂಗಾಲಾಗಿದ್ದಳು.

"ಹೇಳಬ್ಯಾಡ," ಎಂದರು ಕಾಕಾ, ಪೇಢೆ ತಿನ್ನುತ್ತ. "ಸದ್ಯಕ್ಕ ದೇವರ ಮನ್ಯಾಗರೆ ಅದ. ಹೇಳಿದರ ರದ್ದಿಗೆ ಹೋದೀತು."

ಆಮೇಲೆ ಒಂದು ಮಧ್ಯಾಹ್ನ, ಕಾಕಾ ಮಲಗಿದ್ದಾಗ, ಬಾಗಿಲಲ್ಲಿ ಮೂಲೆಯ ಖೋಲಿಯ ಆಜಿ ನಿಂತಿದ್ದರು. ಒಳಗೆ ಬನ್ನಿ ಎಂದರೂ ಬರಲಿಲ್ಲ, ಹೊಸ್ತಿಲ ಆಚೆಯೇ ನಿಂತು ಸೆರಗು ಸರಿಮಾಡಿಕೊಂಡರು. ಮಾತೆಲ್ಲ ಮರಾಠಿಯಲ್ಲಿ.

"ಎಲ್ಲರ ಮನೆಯಲ್ಲೂ ನಿನ್ನ ಆ ಪುಸ್ತಕ ಇದೆ. ನನಗೆ ಬರಲಿಲ್ಲ. ಬರುವ ಹಾಗಿಲ್ಲ, ಗೊತ್ತು. ವಾಣ ಎಂದಲ್ಲ, ಸುಮ್ಮನೆ ಒಂದು ಕೊಡುತ್ತೀಯೇನು? ನನಗೆ ಬೇಕು ಅನಿಸಿದೆ."

ಮೌಶಿ ಆಜಿಯ ಕೈ ಹಿಡಿದು ಒಳಗೆ ಕರೆತಂದು, ಕಾದಂಬರಿಯ ಮೇಲೆ ಕೂರಿಸಿ, ಪುಸ್ತಕವನ್ನು ಅವರ ಮಡಿಲಲ್ಲಿಟ್ಟಳು. ಆಜಿ ಮುಖಪುಟದ ಹಣತೆಯ ಮೇಲೆ ಬೆರಳಾಡಿಸಿದರು.

"ಕುಠಲ್ಯಾ ದೇವಾಚಂ?" ಎಂದರು. ಯಾವ ದೇವರದು?

ಊರಿಗೆಲ್ಲ ಮುಚ್ಚಿಟ್ಟ ಸತ್ಯವನ್ನು ಮೌಶಿ ಆಜಿಗೆ ಹೇಳಿಬಿಟ್ಟಳು. ಯಾವ ದೇವರದೂ ಅಲ್ಲ ಆಜಿ. ಊರಲ್ಲಿಲ್ಲದ ಗಂಡನ ಜೊತೆ ಒಬ್ಬ ಹೆಂಡತಿ ಜಗಳ ಮಾಡುತ್ತಾಳೆ, ಅಷ್ಟೇ.

ಆಜಿ ಪುಸ್ತಕ ವಾಪಸು ಕೊಡುತ್ತಾರೆ ಎಂದು ನಾನು ಕಾದೆ. ಅವರು ಅದನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು.

"ದೇವರು ನನ್ನ ಹತ್ತಿರ ಬೇಕಾದಷ್ಟು ಇದ್ದಾರೆ. ಜಗಳ ಮಾಡಲು ಯಾರೂ ಇಲ್ಲ. ಓದು."

ಮೌಶಿ ಒಂದೊಂದು ಸಾಲು ಕನ್ನಡದಲ್ಲಿ ಓದಿ, ಮರಾಠಿಯಲ್ಲಿ ಹೇಳುತ್ತ ಹೋದಳು.

ಬಾಗಿಲು ಹಾಕದೆ ಹೋಗುವುದು ನಿನ್ನ ಹಳೆಯ ಚಟ.
ಬೆಕ್ಕು ಬಂತು, ಗಾಳಿ ಬಂತು,
ನೆರೆಮನೆಯ ಒಗ್ಗರಣೆಯ ಘಾಟೂ ಬಂತು.
ನೀನೊಬ್ಬ ಬರಲಿಲ್ಲ.

"ನಮ್ಮವರೂ ಹಾಗೇ," ಎಂದು ಆಜಿ ನಕ್ಕರು. "ಒಂದು ದಿನವೂ ಬಾಗಿಲು ಹಾಕಿದವರಲ್ಲ. ಎಷ್ಟು ಬೈಯುತ್ತಿದ್ದೆ." ನಗುತ್ತಲೇ ಕಣ್ಣೊರೆಸಿಕೊಂಡರು. "ಇನ್ನೊಂದು ಸಲ ಓದು."

ಅವರು ಹೋದ ಮೇಲೆ ಮೌಶಿ ಒಳಗೆ ಹೋಗಿ ಕಾಕಾನನ್ನು ಎಬ್ಬಿಸಿದಳು. "ರೀ, ಏಳ್ರಿ. ಪುಸ್ತಕ ಹುಟ್ಟೇದ." ಕಾಕಾ ಎದ್ದು ಕೂತು ಅವಳ ಮುಖ ನೋಡಿದರು. ಏನೂ ಚೇಷ್ಟೆ ಮಾಡಲಿಲ್ಲ. ಪಾಪ, ಎದ್ದುಹೋಗಿ ತಾವೇ ಶಿರಾಕ್ಕೆ ರವೆ ಹುರಿಯಲು ನಿಂತರು.

ಮುಂದಿನ ಸಂಕ್ರಾಂತಿಗೆ ಮೌಶಿ ಮೊದಲು ಕರೆದದ್ದು ಮೂಲೆಯ ಖೋಲಿಯವರನ್ನು. ಬಂದ ಹೆಂಗಸರಲ್ಲಿ ಇಬ್ಬರು ಮುಖ ಸಿಂಡರಿಸಿದರು, ಒಬ್ಬಾಕೆ ಎದ್ದೂ ಹೋದಳು. ಮೌಶಿ ಅವರ ಕಡೆ ತಿರುಗಿಯೂ ನೋಡಲಿಲ್ಲ. ಆ ವರ್ಷದ ವಾಣ ಬಾವಲಿಯ ಪುಸ್ತಕವಾಗಿತ್ತು. ಅದನ್ನು ಜಮಖಾನೆಯ ಮೇಲೆ ಬಿಚ್ಚಿಟ್ಟು, ಆಚೆ ಬದಿಗೆ ತಾನು ಕೂತು, ಈಚೆ ಬದಿಗೆ ಆಜಿಯನ್ನು ಕೂರಿಸಿಕೊಂಡಳು. ಮೌಶಿ ಬಾವಲಿಯ ಮಾತು ಕನ್ನಡದಲ್ಲಿ ಓದಿದಳು. ಆಜಿಗೆ ಅಕ್ಷರ ಗೊತ್ತಿಲ್ಲ, ಅಳಿಲಿನ ಚಿತ್ರ ನೋಡುತ್ತ ತಮಗೆ ತೋಚಿದ ಉತ್ತರವನ್ನು ಮರಾಠಿಯಲ್ಲಿ ಕೊಟ್ಟರು. ಅಳಿಲು ಬಾವಲಿಯನ್ನು ಬೈಯುತ್ತಿತ್ತು, ಬಾಗಿಲು ಹಾಕಲಿಲ್ಲವೆಂದು.